43ನೇ ಪುಟ ಎರಡು ಸಲ ಬಂದಿತ್ತು

ಕಳೆದ ವರ್ಷ ಜುಲೈ ತಿಂಗಳು. ಜಿಟಿಜಿಟಿ ಮಳೆ ಹಿಡಿದಿತ್ತು. ಅಂಗಡಿಯ ಶಟರ್ ಅರ್ಧ ಎಳೆದು ದಿನದ ಲೆಕ್ಕ ನೋಡುತ್ತಿದ್ದೆ. ಸೆಕೆಂಡ್ ಪಿಯುಸಿ ಓದುವ ಹುಡುಗಿಯೊಬ್ಬಳು ಶಟರ್ ಕೆಳಗೆ ಬಗ್ಗಿ ಒಳಗೆ ಬಂದು, ಸ್ಪೈರಲ್ ಹಾಕಿದ ನೋಟ್ಸನ್ನು ಕೌಂಟರ್ ಮೇಲಿಟ್ಟಳು. ಬೆಳಿಗ್ಗೆ ನಾನೇ ಮಾಡಿಕೊಟ್ಟಿದ್ದೆ. ಬಯಾಲಜಿ, 180 ಪುಟ.

“ಅಂಕಲ್, 43ನೇ ಪುಟ ಎರಡು ಸಲ ಬಂದಿದೆ. 58 ಇಲ್ಲವೇ ಇಲ್ಲ. 71 ತಲೆಕೆಳಗಾಗಿದೆ. 90 ಆದಮೇಲೆ ಯಾರದೋ ಫಿಸಿಕ್ಸ್ ಬಂದು ಕೂತಿದೆ.”

ಅವತ್ತು ಬೆಳಿಗ್ಗೆ ಎರಡು ಸಲ ಕರೆಂಟ್ ಹೋಗಿತ್ತು, ಮೂರು ಸಲ ಪೇಪರ್ ಜಾಮ್ ಆಗಿತ್ತು. ಸಬೂಬು ಹೇಳೋಣ ಅಂತ ಬಾಯಿ ತೆರೆದೆ. ಆದರೆ ಅವಳು ಸಿಟ್ಟಾಗಿರಲಿಲ್ಲ, ನಗು ತಡೆದುಕೊಳ್ಳಲು ಒದ್ದಾಡುತ್ತಿದ್ದಳು. ಅದೇ ನೋಟ್ಸಿನ 112ನೇ ಪುಟ ತೆಗೆದು ನನ್ನ ಕಡೆ ತಿರುಗಿಸಿದಳು. “ನೋಡಿ, ನಾಲ್ಕೂ ಮಾಡಿದ್ದೀರಿ.”

ಆ ಪುಟದಲ್ಲಿ ವರ್ಣತಂತುಗಳ, ಅಂದರೆ ಜೀವಕೋಶದೊಳಗೆ ವಂಶದ ಗುಣ ಹೊತ್ತಿರುವ ಎಳೆಗಳ ಚಿತ್ರ ಇತ್ತು. ಕಡ್ಡಿಯ ಹಾಗೆ ಬರೆದು, ಎ, ಬಿ, ಸಿ, ಡಿ ಅಂತ ಭಾಗ ಮಾಡಿದ್ದರು. ಒಂದು ಭಾಗ ಕಳೆದುಹೋದರೆ ಡಿಲೀಷನ್. ಎರಡು ಸಲ ಬಂದರೆ ಡ್ಯೂಪ್ಲಿಕೇಷನ್. ಉಲ್ಟಾ ಸೇರಿಕೊಂಡರೆ ಇನ್ವರ್ಷನ್. ಬೇರೆ ವರ್ಣತಂತುವಿನ ತುಂಡು ಬಂದು ಅಂಟಿಕೊಂಡರೆ ಟ್ರಾನ್ಸ್‌ಲೊಕೇಷನ್. ನಾನು ಬೆಳಿಗ್ಗೆ ಹತ್ತು ಗಂಟೆಯಿಂದ ಹನ್ನೊಂದರವರೆಗೆ ಮಾಡಿದ ಕೆಲಸವನ್ನು ಯಾರೋ ಪಾಠ ಮಾಡಿ ಬರೆದಿಟ್ಟ ಹಾಗಿತ್ತು.

ದುಡ್ಡು ತೆಗೆದುಕೊಳ್ಳದೆ ಹೊಸದಾಗಿ ಮಾಡಿಕೊಟ್ಟೆ. ಆ ತಪ್ಪು ಕಾಪಿ ನನ್ನ ಹತ್ತಿರವೇ ಉಳಿಯಿತು. ರಾತ್ರಿ ಮನೆಗೆ ಒಯ್ದೆ. ನಾನು ಬಯಾಲಜಿ ಓದಲು ಶುರು ಮಾಡಿದ್ದು ಹೀಗೆ, 47ನೇ ವಯಸ್ಸಿನಲ್ಲಿ.

ನನ್ನದು ದಾವಣಗೆರೆಯ ವಿದ್ಯಾನಗರದ ಕಡೆ ಕಾಲೇಜೊಂದರ ಎದುರಿಗೆ ಸಣ್ಣ ಜೆರಾಕ್ಸ್ ಅಂಗಡಿ. 17 ವರ್ಷ ಆಯಿತು. ಓದಿದ್ದು ಬಿಕಾಂ. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಅಂದರೆ ನನಗೆ ಚಿತ್ರ ಬಿಡಿಸುವ ಶಿಕ್ಷೆ. ಹೃದಯ ಬರೆದರೆ ಬದನೆಕಾಯಿ ಆಗುತ್ತಿತ್ತು. ಮೇಷ್ಟ್ರು ಪುಸ್ತಕ ಎತ್ತಿ ಇಡೀ ಕ್ಲಾಸಿಗೆ ತೋರಿಸುತ್ತಿದ್ದರು. ಎಸ್ಸೆಸ್ಸೆಲ್ಸಿ ಮುಗಿದ ದಿನವೇ ಆ ವಿಷಯಕ್ಕೆ ಕೈ ಮುಗಿದೆ. ಆಮೇಲೆ ಪಹಣಿ, ಜಾತಿ ಸರ್ಟಿಫಿಕೇಟು, ಆಧಾರ್, ಆಸ್ಪತ್ರೆ ರಿಪೋರ್ಟಿನ ಜೊತೆ ಸಾವಿರಾರು ಪುಟ ನೀಟ್ ನೋಟ್ಸ್ ನನ್ನ ಗ್ಲಾಸಿನ ಮೇಲೆ ಮಲಗಿ ಎದ್ದು ಹೋಗಿವೆ. ಒಂದನ್ನೂ ಓದಿರಲಿಲ್ಲ. ಅಂಚು ಸರಿ ಬಂತಾ, ಕಪ್ಪು ಜಾಸ್ತಿ ಆಯಿತಾ, ಅಷ್ಟೇ ನೋಡುವುದು.

ಆ ರಾತ್ರಿ ಮೊದಲು ಅರ್ಥವಾಗಿದ್ದು ಇಷ್ಟು. ನಮ್ಮ ಒಂದೊಂದು ಜೀವಕೋಶದೊಳಗೆ ಒಂದು ದೊಡ್ಡ ಬರಹ ಇದೆ. ಅದೇ ಡಿಎನ್‌ಎ. ಅದರಲ್ಲಿ ಇರುವುದು ನಾಲ್ಕೇ ಅಕ್ಷರ. ಅಪ್ಪನಿಂದ ಬಂದದ್ದು ಸುಮಾರು 300 ಕೋಟಿ ಅಕ್ಷರ, ಅಮ್ಮನಿಂದ ಬಂದದ್ದು ಇನ್ನೊಂದು 300 ಕೋಟಿ. ಕೋಶ ಎರಡಾಗುವ ಮೊದಲು ಅಷ್ಟನ್ನೂ ಕಾಪಿ ಮಾಡಬೇಕು.

ಈ ಸಂಖ್ಯೆ ನೋಡಿದಾಗ ನನ್ನೊಳಗಿನ ಅಂಗಡಿಯವನು ಎದ್ದು ಕೂತ. ಒಂದು ಎ4 ಪುಟದಲ್ಲಿ 3000 ಅಕ್ಷರ ಅಂತ ಇಟ್ಟುಕೊಳ್ಳಿ. 300 ಕೋಟಿಗೆ 10 ಲಕ್ಷ ಪುಟ. ಎರಡೂ ಕಡೆ ಪ್ರಿಂಟ್ ಹಾಕಿದರೂ 1000 ರಿಮ್ಮು ಪೇಪರ್ ಬೇಕು. ಅಷ್ಟನ್ನೂ ತಂದಿಟ್ಟರೆ ನನ್ನ ಸಣ್ಣ ಅಂಗಡಿಯಲ್ಲಿ ಓಡಾಡಲು ಜಾಗ ಇರುವುದಿಲ್ಲ. ನನ್ನ ಮೆಷಿನ್ನು ನಿಮಿಷಕ್ಕೆ 25 ಪುಟ ಹೊಡೆಯುತ್ತದೆ. ಹಗಲು ರಾತ್ರಿ ನಿಲ್ಲಿಸದೆ ಓಡಿಸಿದರೆ 28 ದಿನ ಹತ್ತಿರ ಹತ್ತಿರ. ಮನುಷ್ಯನ ಒಂದು ಕೋಶ ಇದರ ಎರಡರಷ್ಟನ್ನು, ಅಂದರೆ ಅಪ್ಪನದೂ ಅಮ್ಮನದೂ ಸೇರಿಸಿ, ಸುಮಾರು 8 ಗಂಟೆಯಲ್ಲಿ ಮುಗಿಸುತ್ತದೆ. ಒಂದು ತುದಿಯಿಂದ ಶುರು ಮಾಡಿದರೆ ಆಗುವ ಕೆಲಸವಲ್ಲ. ಸಾವಿರಾರು ಕಡೆ ಒಟ್ಟಿಗೇ ಶುರು ಮಾಡುತ್ತದೆ. ಸಾವಿರಾರು ಮೆಷಿನ್ನು, ಕರೆಂಟ್ ಹೋಗುವ ಮಾತೇ ಇಲ್ಲ.

ತಪ್ಪು? ಅದೂ ಆಗುತ್ತದೆ. ಕಾಪಿ ಮಾಡುವ ಕಿಣ್ವ ಮೊದಲ ಸುತ್ತಿನಲ್ಲಿ ಸುಮಾರು ಒಂದು ಲಕ್ಷ ಅಕ್ಷರಕ್ಕೆ ಒಂದು ತಪ್ಪು ಮಾಡುತ್ತದಂತೆ. ಆದರೆ ಅದು ತಾನು ಬರೆದದ್ದನ್ನು ಅಲ್ಲೇ ಹಿಂದೆ ತಿರುಗಿ ನೋಡುತ್ತದೆ, ತಪ್ಪಿದ್ದರೆ ಕಿತ್ತು ಬೇರೆ ಹಾಕುತ್ತದೆ. ಅದರ ಕಣ್ಣೂ ತಪ್ಪಿದ್ದನ್ನು ಹುಡುಕಲು ಹಿಂದಿನಿಂದ ಇನ್ನೊಂದು ತಂಡ ಬರುತ್ತದೆ. ಕೊನೆಗೆ ಉಳಿಯುವುದು 100 ಕೋಟಿ ಅಕ್ಷರಕ್ಕೆ ಒಂದೋ, ಅದಕ್ಕಿಂತ ಕಡಿಮೆಯೋ. ನಾನು 180 ಪುಟದಲ್ಲಿ ನಾಲ್ಕು ಮಾಡಿದ್ದೆ.

ಈ ಅಕ್ಷರಗಳನ್ನು ಕೋಶ ಮೂರು ಮೂರಾಗಿ ಓದುತ್ತದೆ ಅನ್ನುವುದು ಇನ್ನೊಂದು ವಿಷಯ. ಮೂರಕ್ಷರದ 64 ಪದ. ಅದರಲ್ಲಿ 61 ಪದ, ಪ್ರೋಟೀನಿನ ಸರಪಣಿಗೆ ಮಣಿಗಳಾಗುವ 20 ಬಗೆಯ ಅಮೈನೋ ಆಮ್ಲಗಳನ್ನು ಕರೆದು ತರಲು, ಉಳಿದ ಮೂರು ‘ಇಲ್ಲಿಗೆ ನಿಲ್ಲಿಸು’ ಅನ್ನಲು. ಈ ಪದಗಳ ಅರ್ಥ ಬಿಡಿಸಿದವರಲ್ಲಿ ಒಬ್ಬರು ನಮ್ಮ ಹರಗೋಬಿಂದ್ ಖೊರಾನಾ. 1968ರಲ್ಲಿ ನೊಬೆಲ್ ಬಂದದ್ದು ಅದಕ್ಕೇ. ಹೆಸರು ಕೇಳಿದ್ದೆ. ಜನರಲ್ ನಾಲೆಡ್ಜ್ ಪುಸ್ತಕಗಳನ್ನು ಎಷ್ಟು ಸಲ ಜೆರಾಕ್ಸ್ ಮಾಡಿಲ್ಲ! ಏನು ಮಾಡಿದರು ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ಮೂರು ಮೂರಾಗಿ ಓದಿದರೆ ಏನು ತೊಂದರೆ ಅಂತ ತಲೆಗೆ ಹತ್ತಲಿಲ್ಲ. ಕೊನೆಗೆ ಬಿಲ್ ಪುಸ್ತಕದ ಹಿಂದೆ ಕನ್ನಡದಲ್ಲೇ ಒಂದು ವಾಕ್ಯ ಕಟ್ಟಿದೆ. ಎಲ್ಲ ಪದಕ್ಕೂ ಮೂರೇ ಅಕ್ಷರ:

ಅಪ್ಪನ ಹೊಲದ ಜೋಳದ ಕಾಳಿಗೆ ಹುಳವು ಬಿದ್ದಿದೆ

ಇದರಲ್ಲಿ ‘ಲ’ ಒಂದನ್ನು ಕಾಪಿ ಮಾಡುವಾಗ ಬಿಟ್ಟುಬಿಟ್ಟೆ ಅಂತ ಇಟ್ಟುಕೊಳ್ಳಿ. ಓದುವವನು ಹಠ ಬಿಡದೆ ಮೂರು ಮೂರೇ ಓದುತ್ತಾನೆ:

ಅಪ್ಪನ ಹೊದಜೋ ಳದಕಾ ಳಿಗೆಹು ಳವುಬಿ ದ್ದಿದೆ

ಅಪ್ಪ ಒಬ್ಬ ಉಳಿದ. ಹೊಲ, ಜೋಳ, ಹುಳ ಎಲ್ಲ ಹಾಳಾಯಿತು. ಅದೇ, ಒಂದು ಅಕ್ಷರ ಬಿಡುವ ಬದಲು ಒಂದಕ್ಕೆ ಇನ್ನೊಂದು ಬಂದರೆ? ‘ಕಾಳಿಗೆ’ ಅನ್ನುವಲ್ಲಿ ‘ಕಾಲಿಗೆ’ ಬಂದರೆ? ವಾಕ್ಯ ನೆಟ್ಟಗೇ ಇರುತ್ತದೆ, ಆದರೆ ಹುಳ ಕಾಲಿಗೆ ಬೀಳುತ್ತದೆ. ಕುಡುಗೋಲು ಕಣದ ಕಾಯಿಲೆ, ಅಂದರೆ ಸಿಕಲ್ ಸೆಲ್, ಹೀಗೇ ಬರುವುದು. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಅನ್ನುವ ಪ್ರೋಟೀನಿನ ಒಂದು ಸರಪಣಿಯಲ್ಲಿ ಆರನೇ ಮಣಿ ಬೇರೆ ಬರುತ್ತದೆ. ಕಾರಣ ಡಿಎನ್‌ಎಯಲ್ಲಿ ಒಂದೇ ಒಂದು ಅಕ್ಷರ. ದುಂಡಗೆ ಇರಬೇಕಾದ ರಕ್ತಕಣ ಕುಡುಗೋಲಿನ ಹಾಗೆ ಬಾಗುತ್ತದೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಳ-ಲ ವ್ಯತ್ಯಾಸ ತಿಳಿಯದವರನ್ನು ಆಡಿಕೊಂಡು ನಗುತ್ತೇವಲ್ಲ, ಇಲ್ಲಿ ಅದೇ ವ್ಯತ್ಯಾಸ ಜೀವ ಹಿಂಡುತ್ತದೆ.

ಈಗ ಅಂಗಡಿಯ ಒಂದು ಗುಟ್ಟು ಹೇಳುತ್ತೇನೆ. ನನ್ನ ಹತ್ತಿರ ಬರುವ ನೋಟ್ಸುಗಳಲ್ಲಿ ಹೊಸದು ಕಡಿಮೆ. ಯಾರೋ ಒಬ್ಬ ಜಾಣ ಬರೆದದ್ದು ಜೂನಿಯರ್‌ಗಳ ಕೈಯಿಂದ ಕೈಗೆ ಆರೇಳು ವರ್ಷ ಓಡಾಡುತ್ತದೆ. ಕಾಪಿಯ ಕಾಪಿಯ ಕಾಪಿ. ಒಂದು ನೋಟ್ಸಿನ 12ನೇ ಪುಟದಲ್ಲಿ ದುಂಡಗೆ ಟೀ ಲೋಟದ ಕಲೆ ಇದೆ. ಲೋಟ ಇಟ್ಟವನು ಈಗ ಎಲ್ಲಿ ಡಾಕ್ಟರ್ ಆಗಿದ್ದಾನೋ, ಅವನ ಲೋಟ ಇನ್ನೂ ಪ್ರತಿ ವರ್ಷ ಪ್ರಿಂಟ್ ಆಗುತ್ತಿದೆ. ಅದರಲ್ಲೇ ಕೆಲವಕ್ಕೆ 30ನೇ ಪುಟದ ಮೂಲೆ ಹರಿದ ಗುರುತೂ ಇದೆ, ಕೆಲವಕ್ಕೆ ಇಲ್ಲ. ಹರಿದ ಗುರುತು ಇರುವುದೆಲ್ಲ ಒಂದು ಹಾಸ್ಟೆಲ್‌ನಿಂದ ಬರುವಂಥದ್ದು. ಅಂದರೆ ಮೊದಲು ಲೋಟ, ಆಮೇಲೆ ಒಂದು ಕವಲಿನಲ್ಲಿ ಮಾತ್ರ ಹರಿದದ್ದು. ಕಲೆ, ಗೀಟು ನೋಡಿಯೇ ಯಾವ ಕಾಪಿ ಯಾವುದರ ಮಗು, ಯಾವುದರ ಚಿಕ್ಕಪ್ಪ ಅಂತ ಹೇಳಬಲ್ಲೆ. ಸರಿಯಾಗಿ ಬಂದ ಪುಟಗಳಿಂದ ಇದು ತಿಳಿಯುವುದಿಲ್ಲ. ಅವು ಎಲ್ಲದರಲ್ಲೂ ಒಂದೇ. ತಪ್ಪುಗಳೇ ವಂಶ ಹೇಳುವುದು.

ವಿಕಾಸದ ಪಾಠದಲ್ಲಿ ಇದೇ ಇತ್ತು! ಜೀವಿಗಳ ನಡುವಿನ ನೆಂಟಸ್ತಿಕೆಯನ್ನು ಡಿಎನ್‌ಎಯಲ್ಲಿ ಹಂಚಿಕೊಂಡ ಬದಲಾವಣೆಗಳಿಂದ ಗುರುತಿಸುತ್ತಾರೆ. ನನಗೆ ಬಹಳ ಹಿಡಿಸಿದ ಉದಾಹರಣೆ ವಿಟಮಿನ್ ಸಿ. ದನ, ಎಮ್ಮೆ, ಮೇಕೆ, ನಾಯಿ ಇವೆಲ್ಲ ತಮ್ಮ ಮೈಯೊಳಗೇ ವಿಟಮಿನ್ ಸಿ ಮಾಡಿಕೊಳ್ಳುತ್ತವೆ. ನಾವು ಮಾಡಿಕೊಳ್ಳುವುದಿಲ್ಲ. ಅದನ್ನು ಮಾಡಲು ಬೇಕಾದ ಜೀನ್, ಅಂದರೆ ಡಿಎನ್‌ಎ ಬರಹದ ಆ ಪುಟ, ನಮ್ಮಲ್ಲೂ ಇದೆ, ಆದರೆ ಕೆಟ್ಟು ಕೂತಿದೆ. ಮಂಗಗಳಲ್ಲೂ ಅದೇ ಜೀನ್ ಕೆಟ್ಟಿದೆ. ಬಹಳ ಹಿಂದೆ ನಮ್ಮಿಬ್ಬರಿಗೂ ಹಿರಿಯನಾದ ಯಾವುದೋ ಪ್ರಾಣಿಯಲ್ಲಿ ಆ ಪುಟ ಹಾಳಾಯಿತು. ಅದು ಹಣ್ಣು, ಎಲೆ ತಿಂದುಕೊಂಡು ಇದ್ದದ್ದರಿಂದ ತೊಂದರೆ ಆಗಲಿಲ್ಲ, ಹಾಳಾದ ಪುಟವೇ ಮುಂದೆ ಕಾಪಿ ಆಗುತ್ತಾ ಬಂತು. ಚಿತ್ರದುರ್ಗದ ಕೋಟೆಗೆ ಹೋದಾಗ ನನ್ನ ಕೈಯಿಂದ ಕಿತ್ತಳೆ ಹಣ್ಣು ಕಿತ್ತುಕೊಂಡು ಓಡಿದ ಮಂಗಕ್ಕೂ ನನಗೂ ಆ ಹಣ್ಣು ಒಂದೇ ಕಾರಣಕ್ಕೆ ಬೇಕಿತ್ತು. ನಮ್ಮ ಟೀ ಲೋಟದ ಕಲೆ ಒಂದೇ.

ಇದನ್ನು ಮನೆಯಲ್ಲಿ ಹೇಳಿದೆ. “ಮಂಗ ನಿಮ್ಮ ನೆಂಟ ಅನ್ನೋದಕ್ಕೆ ಪುಸ್ತಕ ಯಾಕೆ ಬೇಕಿತ್ತು?” ಅಂದಳು ನಮ್ಮ ಮನೆಯವಳು.

ನಮ್ಮೂರು ಆನಗೋಡು ಕಡೆ. ಭದ್ರಾ ನಾಲೆಯ ನೀರು ಅಲ್ಲಿಗೆ ಇಲ್ಲ. ಮಳೆ, ಮೆಕ್ಕೆಜೋಳ, ಅಷ್ಟೇ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪ ಒಂದು ಕೆಲಸ ಮಾಡಿದ. ಹಿಂದಿನ ವರ್ಷ ಹೈಬ್ರಿಡ್ ಮೆಕ್ಕೆಜೋಳದ ಬೀಜ ಹಾಕಿ ಬೆಳೆ ಚೆನ್ನಾಗಿ ಬಂದಿತ್ತು. ಆಳೆತ್ತರ, ಎಲ್ಲ ಒಂದೇ ಸಮ. ಪ್ರತಿ ವರ್ಷ ಬೀಜಕ್ಕೆ ಯಾಕೆ ದುಡ್ಡು ಸುರಿಯಬೇಕು ಅಂತ, ದಪ್ಪ ದಪ್ಪ ತೆನೆ ಆರಿಸಿ, ಒಲೆಯ ಮೇಲೆ ಹೊಗೆ ತಾಗುವ ಹಾಗೆ ಕಟ್ಟಿಟ್ಟ. ಅವನ ಅಪ್ಪ ಬಿಳಿಜೋಳಕ್ಕೆ ಮಾಡುತ್ತಿದ್ದದ್ದೂ ಹಾಗೇ. ಮುಂದಿನ ಮುಂಗಾರಿಗೆ ಅದೇ ಬೀಜ ಬಿತ್ತಿದ.

ಬಂದ ಬೆಳೆ ನನಗಿನ್ನೂ ಕಣ್ಣಿಗೆ ಕಟ್ಟಿದೆ. ಒಂದು ಗಿಡ ಸೊಂಟದಷ್ಟು, ಪಕ್ಕದ್ದು ತಲೆಗಿಂತ ಮೇಲೆ. ಒಂದು ಹೂ ಬಿಟ್ಟಾಗ ಇನ್ನೊಂದಕ್ಕೆ ಸುಳಿಯೇ ಬಂದಿಲ್ಲ. ತೆನೆಯಂತೂ ಒಂದು ಗೇಣು, ಒಂದು ಹೆಬ್ಬೆರಳು. ಹಿಂದಿನ ವರ್ಷದ ಅರ್ಧದಷ್ಟೂ ರಾಶಿ ಆಗಲಿಲ್ಲ. ಊರಿನವರು ಒಂದೊಂದು ಕಾರಣ ಹೇಳಿದರು. ಗೊಬ್ಬರ ಕಮ್ಮಿ ಅಂದರು, ಕಣ್ಣು ಬಿದ್ದಿದೆ ಅಂದರು, ಹೊಗೆಗೆ ಬೀಜ ಸುಟ್ಟಿದೆ ಅಂದರು. ಬೀಜ ಮಾರಿದವನನ್ನು ಕೇಳಿದರೆ, “ಇಟ್ಟುಕೊಂಡು ಬಿತ್ತಬಾರದು ಅಂತ ಹೇಳಿದ್ನಲ್ಲ” ಅಂದ. ಯಾಕೆ ಬಿತ್ತಬಾರದು ಅಂತ ಅವನೂ ಹೇಳಲಿಲ್ಲ. ಅವನಿಗೂ ಗೊತ್ತಿರಲಿಲ್ಲವೇನೋ. ಆ ವರ್ಷ ಅಮ್ಮನ ಬೋರಮಾಳ ಗಿರವಿಗೆ ಹೋಯಿತು. ಅಪ್ಪ ತನ್ನ ಕೈಯಲ್ಲೇ ಏನೋ ದೋಷ ಇದೆ ಅಂದುಕೊಂಡ.

ಉತ್ತರ ಮೆಂಡೆಲ್ ಪಾಠದಲ್ಲಿತ್ತು. ಮೆಂಡೆಲ್ ಯುರೋಪಿನ ಬ್ರನೋ ಊರಿನ ಒಬ್ಬ ಸನ್ಯಾಸಿ. ಮಠದ ತೋಟದಲ್ಲಿ ಎಂಟು ವರ್ಷ ಬಟಾಣಿ ಬೆಳೆದು ಎಣಿಸಿದ. ನನಗೆ ಅವನು ಇಷ್ಟವಾದದ್ದೇ ಎಣಿಸಿದ್ದಕ್ಕೆ. ನಾನೂ ದಿನಾ ರಾತ್ರಿ ಮೆಷಿನ್ನಿನ ಕೌಂಟರ್ ಬರೆದಿಡುವವನು. ನುಣುಪು ಬಟಾಣಿಗೂ ಸುಕ್ಕು ಬಟಾಣಿಗೂ ಕೂಡಿಸಿದ, ಮೊದಲ ತಲೆಮಾರಿನಲ್ಲಿ ಎಲ್ಲವೂ ನುಣುಪು. ಅವನ್ನೇ ಮತ್ತೆ ಬಿತ್ತಿದ. ಈಗ 5474 ನುಣುಪು, 1850 ಸುಕ್ಕು. ಮೂರಕ್ಕೆ ಒಂದು. ಸುಕ್ಕು ಕಳೆದುಹೋಗಿರಲಿಲ್ಲ, ಒಳಗೆ ಅಡಗಿ ಕೂತಿತ್ತು. 1866ರಲ್ಲಿ ಅಚ್ಚಾದ ಈ ಲೆಕ್ಕದ ಬೆಲೆ ಗೊತ್ತಾಗಲು 1900ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಮೆಂಡೆಲ್ ತೀರಿಹೋಗಿದ್ದ.

ಹೈಬ್ರಿಡ್ ಮೆಕ್ಕೆಜೋಳವೂ ಹಾಗೇ. ಎರಡು ಬೇರೆ ಬೇರೆ ಶುದ್ಧ ತಳಿ ಕೂಡಿಸಿ ಮಾಡಿದ ಬೀಜ. ಮೊದಲ ತಲೆಮಾರು ಅಂಗಡಿಯಿಂದ ಬರುವುದು, ಒಂದೇ ಸಮ, ಹುರುಪಿನದು. ಅದರ ಮಕ್ಕಳನ್ನು ಬಿತ್ತಿದರೆ ಇಸ್ಪೀಟು ಕಲಸಿ ಹಂಚಿದ ಹಾಗೆ. ಬಟಾಣಿಯಲ್ಲಿ ಒಂದು ಗುಣ ನೋಡಿದರೆ ಮೂರಕ್ಕೆ ಒಂದು. ಜೋಳದಲ್ಲಿ ಎತ್ತರ, ಹೂ ಬಿಡುವ ಕಾಲ, ತೆನೆಯ ಗಾತ್ರ ಎಲ್ಲ ಒಟ್ಟಿಗೇ ಕಲಸಿಹೋಗುತ್ತವೆ. ತಾತನ ಬಿಳಿಜೋಳ ನಾಟಿ ತಳಿ, ಬಹುಪಾಲು ತನ್ನ ಹೂವಿನಿಂದಲೇ ಕಾಳು ಕಟ್ಟುವಂಥದ್ದು. ಅದಕ್ಕೆ ಬೀಜ ಎತ್ತಿಟ್ಟರೆ ನಡೆಯುತ್ತಿತ್ತು.

ಒಂದು ಭಾನುವಾರ ಊರಿಗೆ ಹೋಗಿ ಅಪ್ಪನಿಗೆ ಹೇಳಿದೆ. ಅವನಿಗೀಗ 76. ಹೊಲದ ಬದುವಿನ ಮೇಲೆ ಕೂತಿದ್ದ. ಬಟಾಣಿ ಕಥೆ ಪೂರ್ತಿ ಕೇಳಿಸಿಕೊಂಡ. ಸ್ವಲ್ಪ ಹೊತ್ತು ಸುಮ್ನೆ ಇದ್ದು, “ಹಂಗಾರೆ ನನ್ ಕೈ ದೋಷ ಅಲ್ಲ” ಅಂದ. ಮೂವತ್ತನಾಲ್ಕು ವರ್ಷ ಆಗಿತ್ತು.

ಆಮೇಲೆ ಅವನೇ ಪಾಠ ಶುರು ಮಾಡಿದ. ಒಂದು ಎಳೆ ತೆನೆ ಮುರಿದು, ಸಿಪ್ಪೆ ಒಂದೊಂದಾಗಿ ಸುಲಿದು, ಕೂದಲು ಹರಿಯದ ಹಾಗೆ ಬಿಡಿಸಿ ತೋರಿಸಿದ. ಮೆಕ್ಕೆಜೋಳದ ತೆನೆಯ ತುದಿಯಲ್ಲಿ ರೇಷ್ಮೆಯಂಥ ಕೂದಲು ನೇತಾಡುತ್ತದಲ್ಲ, ಅದು ಸುಮ್ನೆ ಅಲಂಕಾರಕ್ಕಲ್ಲ. ಒಂದು ಕೂದಲಿಗೆ ಒಂದು ಕಾಳು. ಕೂದಲನ್ನು ಹಿಡಿದುಕೊಂಡು ಹೋದರೆ ಅದರ ಬುಡ ಒಂದು ಕಾಳಿಗೆ ಅಂಟಿಕೊಂಡಿರುತ್ತದೆ. ಗಿಡದ ನೆತ್ತಿಯ ಗಂಡು ಹೂವಿನಿಂದ ಪುಡಿ ಗಾಳಿಯಲ್ಲಿ ತೂರಿ ಬಂದು ಆ ಕೂದಲಿನ ಮೇಲೆ ಕೂರಬೇಕು. ಅಲ್ಲಿಂದ ಒಂದು ಸಣ್ಣ ನಳಿಕೆ ಮೊಳೆತು, ಕೂದಲಿನೊಳಗೇ ಇಡೀ ಉದ್ದ ಇಳಿದು ಬುಡ ಮುಟ್ಟಬೇಕು. ಮುಟ್ಟಿದರೆ ಕಾಳು, ಇಲ್ಲದಿದ್ದರೆ ಆ ಜಾಗ ಖಾಲಿ. “ಹೂ ಬಿಡೋ ಹೊತ್ತಿಗೆ ಮಳೆ ಕೈ ಕೊಟ್ರೆ ತೆನೆ ಬಚ್ಚುಬಾಯಿ ಆಗ್ತತಿ” ಅಂತ ಅಪ್ಪ ಮೊದಲಿನಿಂದ ಹೇಳುತ್ತಿದ್ದ. ನೀರಿಲ್ಲದಿದ್ದರೆ ಕೂದಲು ತಡವಾಗಿ ಹೊರಗೆ ಬರುತ್ತದೆ, ಅಷ್ಟರಲ್ಲಿ ಪುಡಿ ಉದುರಿ ಮುಗಿದಿರುತ್ತದೆ. ಕಾರಣ ನನ್ನ ಹತ್ತಿರ ಇತ್ತು, ತೆನೆ ಅವನ ಕೈಯಲ್ಲಿತ್ತು. ನನ್ನ ವಯಸ್ಸಿನಲ್ಲಿ ಅಪ್ಪನ ಜೊತೆ ಹೀಗೆ ಒಂದು ಗಂಟೆ ಕೂತು ಮಾತಾಡಿದ್ದು ಅದೇ ಮೊದಲು. 2018ರಲ್ಲಿ ಶಿವಮೊಗ್ಗದಲ್ಲಿ ಮೊದಲು ಕಾಣಿಸಿಕೊಂಡು ಆಮೇಲೆ ನಮ್ಮ ಕಡೆಗೂ ಬಂದ ಸೈನಿಕ ಹುಳುವಿನ ಬಗ್ಗೆ ಅವನು ಇನ್ನೊಂದು ಗಂಟೆ ಬೈದ. ಅದನ್ನು ಬರೆಯುವುದಿಲ್ಲ, ಪೂರ್ತಿ ಬೈಗುಳವೇ.

ಅಪ್ಪನದು ಇನ್ನೊಂದು ಸಮಸ್ಯೆ, ಶುಗರ್. ತಪಾಸಣೆಗೆ ಹೋಗುವ ಎರಡು ದಿನ ಮೊದಲು ಬರೀ ರೊಟ್ಟಿ, ಸೊಪ್ಪು. ರಿಪೋರ್ಟ್ ಚೆನ್ನಾಗಿ ಬರುತ್ತಿತ್ತು. ವಾಪಸ್ ಬರುವಾಗ ಬಸ್ ಸ್ಟ್ಯಾಂಡಿನ ಹತ್ತಿರ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಈ ಸಲ ಡಾಕ್ಟರ್ ಬೇರೆ ಪರೀಕ್ಷೆ ಬರೆದರು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ. 8.9 ಬಂತು. 6.5 ಮುಟ್ಟಿದರೇ ಸಕ್ಕರೆ ಕಾಯಿಲೆ ಅಂತ ಲೆಕ್ಕ.

“ಮೂರು ತಿಂಗಳ ಹಿಂದಿಂದು ಇವರಿಗೆ ಹೆಂಗೆ ಗೊತ್ತಾತು?” ಅಂತ ಅಪ್ಪನಿಗೆ ಅನುಮಾನ. ಅಂಗಡಿಯಲ್ಲಿ ಆ ರಿಪೋರ್ಟಿನ ಜೆರಾಕ್ಸ್ ತೆಗೆಯುತ್ತಾ ನಾನು ಹೇಳಿದೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಬಲಿತ ಮೇಲೆ ಅದರೊಳಗೆ ಡಿಎನ್‌ಎ ಇರುವ ಕೋಶಕೇಂದ್ರವೇ ಇರುವುದಿಲ್ಲ. ಅಂದರೆ ಒರಿಜಿನಲ್ ಕಾಗದ ಇಲ್ಲ, ಕಾಪಿ ಮಾಡಿಕೊಂಡು ಎರಡಾಗುವ ಹಾಗಿಲ್ಲ. ಸವೆಯುತ್ತದೆ, ಸಾಯುತ್ತದೆ. ಮೂಳೆಯ ಮಜ್ಜೆ ಸೆಕೆಂಡಿಗೆ ಸುಮಾರು 20 ಲಕ್ಷ ಹೊಸ ಕಣ ಮಾಡಿ ಕಳಿಸುತ್ತಿರಬೇಕು. ಆ 120 ದಿನ ರಕ್ತದಲ್ಲಿ ಸಕ್ಕರೆ ಎಷ್ಟಿರುತ್ತದೋ ಅದಕ್ಕೆ ತಕ್ಕ ಹಾಗೆ ಕಣದೊಳಗಿನ ಹಿಮೋಗ್ಲೋಬಿನ್ನಿಗೆ ಸಕ್ಕರೆ ಅಂಟುತ್ತದೆ. ಅಂಟಿದ್ದು ಎರಡು ದಿನ ರೊಟ್ಟಿ ತಿಂದರೆ ಬಿಡುವುದಿಲ್ಲ.

“ನಾನು ಸಿಹಿ ಮುಟ್ಟೇ ಇಲ್ಲಲೇ. ಮಂಡಕ್ಕಿ ಖಾರ ಇರ್ತತಿ.”

ಇದಕ್ಕೆ ನನ್ನ ಹತ್ತಿರ ಉತ್ತರ ಇತ್ತು. ಎದುರಿನ ಅಂಗಡಿಯಿಂದ ಏನೂ ಕಲಸದ ಬರೀ ಮಂಡಕ್ಕಿ ತಂದೆ. ಒಂದು ಹಿಡಿ ಅವನ ಬಾಯಿಗೆ, ಒಂದು ಹಿಡಿ ನನ್ನ ಬಾಯಿಗೆ. ನುಂಗಬಾರದು, ಅಗಿಯುತ್ತಾ ಇರಬೇಕು ಅಂದೆ. ಗಿರಾಕಿಯೊಬ್ಬರು ಆಧಾರ್ ಕಾರ್ಡ್ ಹಿಡಿದು ನಿಂತು ನಮ್ಮಿಬ್ಬರನ್ನೂ ನೋಡುತ್ತಿದ್ದರು. ಒಂದು ನಿಮಿಷ. ಎರಡು ನಿಮಿಷ. ಅಪ್ಪನ ಹುಬ್ಬು ಮೇಲೆ ಹೋಯಿತು. ಎಂಜಲಿನಲ್ಲಿರುವ ಅಮೈಲೇಸ್ ಅನ್ನುವ ಕಿಣ್ವ ಅಕ್ಕಿಯ ಪಿಷ್ಟವನ್ನು ಕಡಿದು ಸಕ್ಕರೆ ಮಾಡುತ್ತದೆ. ಅದಕ್ಕೇ ಬರೀ ಮಂಡಕ್ಕಿ ಬಾಯಲ್ಲೇ ಸಿಹಿಯಾಗುತ್ತದೆ. ಹೊಟ್ಟೆಗೆ ಹೋದಮೇಲಂತೂ ಕೇಳಬೇಡಿ, ಅರಳಿದ ಮಂಡಕ್ಕಿ ಬೇಗ ಕರಗಿ ಸಕ್ಕರೆ ಸರ್ರನೆ ಏರಿಸುತ್ತದೆ.

“ಹೌದಲೇ, ಸಿಹಿ ಐತಿ” ಅಂದ. ಮಂಡಕ್ಕಿ ಬಿಟ್ಟನಾ ಅಂತ ಕೇಳಬೇಡಿ. ದಾವಣಗೆರೆಯಲ್ಲಿ ಇದ್ದುಕೊಂಡು ಅದನ್ನು ಬಿಡುವುದು ನನ್ನಿಂದಲೂ ಆಗಿಲ್ಲ. ವಾರಕ್ಕೊಂದು ಸಲ ಅಂತ ಒಪ್ಪಂದ ಆಗಿದೆ, ಕಡಲೆಕಾಳು ಜಾಸ್ತಿ, ಮಂಡಕ್ಕಿ ಕಮ್ಮಿ.

ಮನೆಯ ದೋಸೆ ಹಿಟ್ಟಿನ ಬಗ್ಗೆಯೂ ಎರಡು ಮಾತು. ಡಿಸೆಂಬರ್ ಚಳಿಗೆ ಹಿಟ್ಟು ಹುಳಿ ಬರುವುದಿಲ್ಲ ಅಂತ ನಮ್ಮ ಮನೆಯವಳು ಪಾತ್ರೆಗೆ ಟವೆಲ್ ಸುತ್ತಿ ಫ್ರಿಜ್ಜಿನ ಹಿಂದೆ, ಬೆಚ್ಚಗಿರುವ ಕಡೆ ಇಡುತ್ತಾಳೆ. ಹಿಟ್ಟು ಉಬ್ಬಿಸುವ ಬ್ಯಾಕ್ಟೀರಿಯಾ ನಾವು ಹಾಕುವುದಲ್ಲ, ಉದ್ದಿನಬೇಳೆಯ ಜೊತೆಗೇ ಬಂದಿರುತ್ತದೆ. ಬೆಚ್ಚಗಿದ್ದರೆ ಬೇಗ ಬೇಗ ಎರಡಾಗುತ್ತದೆ. ನಮ್ಮ ಕರುಳಿನಲ್ಲಿರುವ ಇ. ಕೋಲಿ ಅನ್ನುವುದಕ್ಕೆ ಎಲ್ಲ ಅನುಕೂಲ ಕೊಟ್ಟರೆ 20 ನಿಮಿಷಕ್ಕೊಮ್ಮೆ ಎರಡು. ಕ್ಯಾಲ್ಕುಲೇಟರ್ ಒತ್ತಿ ನೋಡಿದೆ. ಒಂದರಿಂದ ಶುರುವಾಗಿ 10 ಗಂಟೆಗೆ 107 ಕೋಟಿ. ಅಷ್ಟು ಕಾಪಿಯಲ್ಲಿ ತಪ್ಪು ಕಾಪಿಯೂ ಇರಲೇಬೇಕಲ್ವಾ? ಅದರಲ್ಲಿ ಯಾವುದೋ ಒಂದು ತಪ್ಪು ಔಷಧಿಗೆ ಬಗ್ಗದಂಥದ್ದಾದರೆ, ಔಷಧಿ ಉಳಿದದ್ದನ್ನು ಕೊಂದು ಇದಕ್ಕೆ ಜಾಗ ಬಿಡಿಸಿಕೊಡುತ್ತದೆ. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಭಾಷಣದಲ್ಲೇ ಈ ಎಚ್ಚರಿಕೆ ಕೊಟ್ಟಿದ್ದ. ಇಷ್ಟು ತಿಳಿದ ಮೇಲೆ, ನೆಗಡಿಗೆ ಹಳೇ ಚೀಟಿಯ ಆ್ಯಂಟಿಬಯೋಟಿಕ್ ತರಿಸಿ ನುಂಗುವುದನ್ನು ನಿಲ್ಲಿಸಿದೆ. ನೆಗಡಿ ವೈರಸ್ಸಿನದು, ಅದಕ್ಕೆ ಆ ಮಾತ್ರೆ ತಾಗುವುದೇ ಇಲ್ಲ.

ಇಷ್ಟೆಲ್ಲ ಓದಿದರೂ ಒಂದು ಕೊರತೆ ಇತ್ತು. ಜೀವಕೋಶವನ್ನು ನಾನು ಕಣ್ಣಿಂದ ನೋಡಿರಲಿಲ್ಲ. ಚಿತ್ರ ಮಾತ್ರ. ಕಾಲೇಜೊಂದರ ಲ್ಯಾಬ್ ಅಟೆಂಡರ್ ಒಬ್ಬರು ಅಂಗಡಿಗೆ ಬರುತ್ತಾರೆ. ಅವರ ಹತ್ತಿರ ಹೇಳಿಕೊಂಡೆ. ಪ್ರಾಕ್ಟಿಕಲ್ ಪರೀಕ್ಷೆ ಮುಗಿದ ಮರುದಿನ, ಮೇಷ್ಟ್ರನ್ನು ಕೇಳಿ ಒಪ್ಪಿಸಿ, “ಮಧ್ಯಾಹ್ನ ಬನ್ರಿ” ಅಂದರು.

ಮೊದಲು ಈರುಳ್ಳಿ. ಒಳಗಿನ ಪದರದಿಂದ ತೆಳ್ಳನೆ ಪೊರೆ ಎಳೆದು, ಗಾಜಿನ ಮೇಲಿಟ್ಟು, ಒಂದು ಹನಿ ಕೆಂಪು ಬಣ್ಣ ಹಾಕಿ, ಮೇಲೆ ಸಣ್ಣ ಗಾಜು ಮುಚ್ಚಿದರು. ಕಣ್ಣಿಟ್ಟೆ. ದಪ್ಪ ಕಪ್ಪು ಅಂಚಿನ ದುಂಡನೆ ಒಂದು ವಸ್ತು, ನಡುವೆ ಫಳಫಳ ಹೊಳೆಯುತ್ತಿತ್ತು. “ಕಾಣ್ತು, ಕಾಣ್ತು! ಎಷ್ಟು ದುಂಡಗಿದೆ!” ಅಂದೆ. ಅವರು ಇಣುಕಿ ನೋಡಿ, “ಅದು ಗಾಳಿ ಗುಳ್ಳೆ ಕಣ್ರೀ. ಮೊದಲ ಸಲ ಎಲ್ರೂ ಅದನ್ನೇ ನೋಡೋದು” ಅಂದರು. ಗಾಜು ಎತ್ತಿ ಮತ್ತೆ ನಿಧಾನ ಇಳಿಸಿದರು. ಈ ಸಲ ಕಂಡಿತು. ಇಟ್ಟಿಗೆ ಗೋಡೆಯ ಹಾಗೆ ಉದ್ದುದ್ದ ಸಾಲು, ಒಂದೊಂದು ಇಟ್ಟಿಗೆಯಲ್ಲೂ ಒಂದು ಕೆಂಪು ಚುಕ್ಕಿ. ದಿನಾ ಮನೆಯಲ್ಲಿ ಹೆಚ್ಚುವ ಈರುಳ್ಳಿ.

ಆಮೇಲೆ ನನ್ನದೇ. ಹಲ್ಲುಕಡ್ಡಿಯಿಂದ ಕೆನ್ನೆಯ ಒಳಭಾಗ ಮೆಲ್ಲಗೆ ಕೆರೆದು, ಗಾಜಿಗೆ ಸವರಿ, ಒಂದು ಹನಿ ನೀಲಿ. ಇವು ಇಟ್ಟಿಗೆಯ ಹಾಗಿರಲಿಲ್ಲ. ಗಿಡದ ಕೋಶಕ್ಕೆ ಗೋಡೆ ಇದೆ, ನಮ್ಮದಕ್ಕೆ ಇಲ್ಲ. ಅಲ್ಲೊಂದು ಇಲ್ಲೊಂದು ಚದುರಿ, ಅಂಚು ಮಡಚಿಕೊಂಡು, ತೆಳ್ಳಗೆ ಬಿದ್ದಿದ್ದವು. ನಡುವೆ ಗಾಢ ನೀಲಿ ಚುಕ್ಕಿ. ಆ ಚುಕ್ಕಿಯೊಳಗೆ 46 ವರ್ಣತಂತು. ಬಿಡಿಸಿ ಎಳೆದರೆ ಸುಮಾರು ಎರಡು ಮೀಟರ್ ಡಿಎನ್‌ಎ, ಅಪ್ಪನ ಸಾವಿರ ರಿಮ್ಮು, ಅಮ್ಮನ ಸಾವಿರ ರಿಮ್ಮು. ಅಮ್ಮ ಹೋಗಿ ಒಂಬತ್ತು ವರ್ಷ. ಕಣ್ಣು ತೆಗೆಯಲು ಮನಸ್ಸಾಗಲಿಲ್ಲ. ಅಟೆಂಡರ್ ಕೆಮ್ಮಿದರು, ಅವರಿಗೆ ಲ್ಯಾಬ್ ಬೀಗ ಹಾಕಬೇಕಿತ್ತು.

ಮೊಬೈಲ್ ಕ್ಯಾಮೆರಾವನ್ನು ಮೈಕ್ರೋಸ್ಕೋಪಿನ ಕಣ್ಣಿಗೆ ಹಿಡಿದು ಒಂದು ಫೋಟೋ ತೆಗೆದುಕೊಂಡೆ. ಅಂಗಡಿಗೆ ಬಂದು ಎ4 ಕಲರ್ ಪ್ರಿಂಟ್ ತೆಗೆದು, ಲ್ಯಾಮಿನೇಷನ್ ಮಾಡಿ, ರೇಟ್ ಬೋರ್ಡಿನ ಪಕ್ಕ ಅಂಟಿಸಿದೆ. ಮೊನ್ನೆ ಪಹಣಿ ಜೆರಾಕ್ಸಿಗೆ ಬಂದ ಹಿರಿಯರೊಬ್ಬರು ಅದನ್ನೇ ಬಹಳ ಹೊತ್ತು ನೋಡಿದರು.

“ಏನ್ರಿ ಅದು, ಮಂಡಕ್ಕಿನಾ?”

“ಅಲ್ರಿ, ನನ್ನ ಕೆನ್ನೆ.”

ಅವರು ಒಮ್ಮೆ ಫೋಟೋ ನೋಡಿದರು, ಒಮ್ಮೆ ನನ್ನ ಕೆನ್ನೆ ನೋಡಿದರು. ನಾಲ್ಕು ರೂಪಾಯಿ ಕೌಂಟರ್ ಮೇಲಿಟ್ಟು ಪಹಣಿ ಮಡಚಿಕೊಂಡು ಹೊರಟರು.